ಹಾಯಿಯಿಲ್ಲದ ನೌಕೆಗೆ ಹಾಯಿ ಕಟ್ಟಿದ ಮರುಮುದ್ರಣ

ಮುಖಪುಟದಲ್ಲಿ ನೀಲಿ ಕಡಲು, ಅದರ ಮೇಲೆ ಬಿಳಿ ಹಾಯಿ ಬಿಚ್ಚಿ ಒಂದು ಮಗ್ಗುಲಿಗೆ ವಾಲಿಕೊಂಡು ಓಡುತ್ತಿರುವ ಹೊಸ ಕಾಲದ ವಿಹಾರನೌಕೆ. ಪುಸ್ತಕದ ಒಳಗಾದರೋ ಇರುವುದು ಎರಡು ಕುದುರೆಗಳು ಎಳೆಯುವ ಮರದ ಬಂಡಿ, ಅದು ಹೋಗುವುದು ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಧೂಳುರಸ್ತೆಗಳ ಮೇಲೆ. ‘ದಿ ಕ್ರೂಸ್ ಆಫ್ ದಿ ಲ್ಯಾಂಡ್ ಯಾಟ್ ವಾಂಡರರ್’ ಎಂಬ ಹೆಸರಿನಲ್ಲಿ ವಿಹಾರನೌಕೆ ಎಂಬರ್ಥದ ‘ಯಾಟ್’ ಎಂಬುದನ್ನು ಕಂಡವರು ಅದಕ್ಕೆ ಮೊದಲು ಬರುವ, ನೆಲ ಎಂಬರ್ಥದ ‘ಲ್ಯಾಂಡ್’ ಎಂಬುದನ್ನು ಓದುವ ಗೋಜಿಗೆ ಹೋಗಿಲ್ಲ. ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಬರೆದ, 1886ರಲ್ಲಿ ಮೊದಲು ಅಚ್ಚಾದ ಈ ಕೃತಿಯನ್ನು, ಬೇಡಿಕೆ ಬಂದಾಗ ಒಂದೊಂದೇ ಪ್ರತಿಯನ್ನು ಅಚ್ಚು ಹಾಕಿ ಕಳುಹಿಸುವ ಸಂಸ್ಥೆಯೊಂದರಿಂದ ಕಳೆದ ಜೂನಿನಲ್ಲಿ 849 ರೂಪಾಯಿ ಕೊಟ್ಟು ತರಿಸಿಕೊಂಡೆ. ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಈ ಕೆಲಸ ಮಾಡುವವರು ಹಲವರಿದ್ದಾರೆ, ಮತ್ತು ನಾನು ಹೇಳಲಿರುವ ಕುಂದುಗಳಲ್ಲಿ ಹೆಚ್ಚಿನವು ಇಂಥ ಮರುಮುದ್ರಣಗಳಿಗೆ ಅಂಟಿಕೊಂಡೇ ಬರುವಂಥವು.

ಪ್ರತಿ ಬಂದದ್ದು ಆಟಿಯ ಮಳೆಯ ನಡುವೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳಗಿರುವ ನಮ್ಮ ಮನೆಗೆ ಕೊರಿಯರಿನವರು ಬರುವುದು ವಿರಳ, ಹಾಲಿನ ಸೊಸೈಟಿಯಲ್ಲಿ ಕೊಟ್ಟು ಹೋಗಿದ್ದರು. ಪ್ಲಾಸ್ಟಿಕ್ ಹೊದಿಕೆ ಗಟ್ಟಿಯಾಗಿತ್ತು, ಒಂದು ಹನಿಯೂ ಒಳಗೆ ಹೋಗಿರಲಿಲ್ಲ, ಹೇಳಿದ ದಿನಕ್ಕಿಂತ ಎರಡು ದಿನ ಮೊದಲೇ ತಲುಪಿತ್ತು. ಸೇವೆಯ ಬಗ್ಗೆ ಹೊಗಳಬಹುದಾದದ್ದು ಇಷ್ಟು.

ಬೆನ್ನಪುಟದ ಪರಿಚಯದಲ್ಲಿ ಲೇಖಕರನ್ನು ‘ನಿವೃತ್ತ ನೌಕಾಪಡೆಯ ಕ್ಯಾಪ್ಟನ್’ ಎಂದು ಬರೆದಿದ್ದಾರೆ. ಪುಸ್ತಕಕ್ಕೆ ಮುನ್ನುಡಿಯಾಗಲಿ, ಟಿಪ್ಪಣಿಯಾಗಲಿ, ಲೇಖಕರ ಬದುಕಿನ ಕುರಿತು ಬೇರೆ ಒಂದು ಸಾಲಾಗಲಿ ಇಲ್ಲದಿರುವುದರಿಂದ ಹೊಸ ಓದುಗರಿಗೆ ಸಿಗುವ ಮಾಹಿತಿ ಆ ಒಂದು ತಪ್ಪು ಮಾತ್ರ. ವಿಲಿಯಂ ಗಾರ್ಡನ್ ಸ್ಟೇಬಲ್ಸ್ ಕ್ಯಾಪ್ಟನ್ ಆಗಿರಲಿಲ್ಲ, ಬ್ರಿಟಿಷ್ ನೌಕಾಪಡೆಯಲ್ಲಿ ವೈದ್ಯರಾಗಿದ್ದರು. ಸರ್ಕಾರಿ ಆಸ್ಪತ್ರೆಗಳ ಔಷಧ ಕಟ್ಟೆಯ ಹಿಂದೆ ಮೂವತ್ತು ವರ್ಷ ನಿಂತು ನಿವೃತ್ತನಾದ ನನಗೆ ಈ ತಪ್ಪು ಉಳಿದವರಿಗಿಂತ ಸ್ವಲ್ಪ ಹೆಚ್ಚೇ ಚುಚ್ಚಿತು ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಇದು ಬರಿಯ ಪದವಿಯ ಪ್ರಶ್ನೆಯಲ್ಲ. ಈ ಪುಸ್ತಕವನ್ನು ಬರೆದದ್ದು ಒಬ್ಬ ವೈದ್ಯ ಎಂದು ತಿಳಿಯದೆ ಓದಿದರೆ, ಒಬ್ಬ ಮನುಷ್ಯ ಅನುಕೂಲವಾದ ಮನೆಯನ್ನು ಬಿಟ್ಟು ಬಂಡಿಯಲ್ಲಿ ಯಾಕೆ ಮಲಗಿದ ಎಂಬುದೇ ಅರ್ಥವಾಗುವುದಿಲ್ಲ.

ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿಯನ್ನು ಪ್ರಕಟಿಸಿದಾಗ, ಮಲಗುವ ಮಂಚ, ಅಡುಗೆಯ ಒಲೆ ಎಲ್ಲ ಇರುವ ವಾಹನದಲ್ಲಿ ಊರೂರು ಸುತ್ತುವ ಚಾಳಿಯನ್ನು ಮೊದಲು ಹಚ್ಚಿದವರು ಯಾರು ಎಂಬ ಕುತೂಹಲದಿಂದ ಹುಡುಕುತ್ತಾ ಹೋದವನಿಗೆ ಈ ಹೆಸರು ಸಿಕ್ಕಿತು. ಸ್ಟೇಬಲ್ಸ್ ಹುಟ್ಟಿದ್ದು 1840ರ ಆಸುಪಾಸಿನಲ್ಲಿ, ಸ್ಕಾಟ್ಲೆಂಡಿನ ಬ್ಯಾನ್ಫ್‌ಶೈರಿನ ಅಬರ್‌ಚರ್ಡರ್ ಎಂಬ ಸಣ್ಣ ಊರಿನಲ್ಲಿ. ಅಬರ್ಡೀನಿನಲ್ಲಿ ವೈದ್ಯಕೀಯ ಓದುತ್ತಿದ್ದಾಗಲೇ ತಿಮಿಂಗಿಲ ಬೇಟೆಯ ಹಡಗು ಹತ್ತಿ ಉತ್ತರ ಧ್ರುವದ ಮಂಜುಗಡ್ಡೆಯ ಸಮುದ್ರಕ್ಕೆ ಹೋಗಿ ಬಂದರು. ಮುಂದೆ ಅವರು ಹುಡುಗರಿಗಾಗಿ ಬರೆದ ‘ದಿ ಕ್ರೂಸ್ ಆಫ್ ದಿ ಸ್ನೋಬರ್ಡ್’, ‘ವೈಲ್ಡ್ ಅಡ್ವೆಂಚರ್ಸ್ ರೌಂಡ್ ದಿ ಪೋಲ್’ ಮೊದಲಾದ ಕಥೆಗಳ ಹಿಮಕ್ಕೂ ಚಳಿಗೂ ಮೂಲ ಆ ಪ್ರಯಾಣವೇ. 1863ರಲ್ಲಿ ಸಹಾಯಕ ಶಸ್ತ್ರವೈದ್ಯರಾಗಿ ನೌಕಾಪಡೆ ಸೇರಿ, ‘ನಾರ್ಸಿಸಸ್’ ಹಡಗಿನಲ್ಲಿ ಆಫ್ರಿಕಾದ ದಕ್ಷಿಣ ತುದಿಯ ಕಡೆಗೆ ಹೋದರು. ಅಲ್ಲಿಂದ ‘ಪೆಂಗ್ವಿನ್’ ಎಂಬ ಚಿಕ್ಕ ಯುದ್ಧನೌಕೆಗೆ ವರ್ಗವಾಯಿತು.

ಈ ‘ಪೆಂಗ್ವಿನ್’ ಮಾಡುತ್ತಿದ್ದ ಕೆಲಸ ನಮ್ಮ ಕರಾವಳಿಯವರಿಗೆ ತೀರ ಅಪರಿಚಿತವಲ್ಲದ ಲೋಕಕ್ಕೆ ಸೇರಿದ್ದು. ಪೂರ್ವ ಆಫ್ರಿಕಾದ ತೀರದಿಂದ ಗುಲಾಮರನ್ನು ತುಂಬಿಕೊಂಡು ಜಾಂಜಿಬಾರಿಗೂ ಅರಬ್ ದೇಶಗಳಿಗೂ ಹೋಗುತ್ತಿದ್ದ ಹಾಯಿಹಡಗುಗಳನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುವುದು ಅದರ ಕರ್ತವ್ಯವಾಗಿತ್ತು. ಇಂಗ್ಲಿಷಿನವರು ‘ಧೌ’ ಎನ್ನುವ ಈ ಹಡಗುಗಳು ಮಂಗಳೂರಿನ ಹಳೆಬಂದರಿನಲ್ಲಿ ಲಕ್ಷದ್ವೀಪಕ್ಕೆ ಸಾಮಾನು ಹೊರುವ ನಮ್ಮ ಮಂಜಿಗಳ ದಾಯಾದಿಗಳೇ, ಅದೇ ಮಳೆಗಾಳಿಯನ್ನು ನಂಬಿ ಮಲಬಾರಿಗೂ ಆಫ್ರಿಕಾಕ್ಕೂ ನಡುವೆ ಶತಮಾನಗಳ ಕಾಲ ಓಡಾಡಿದಂಥವು. ಜಾಂಜಿಬಾರಿನ ಗುಲಾಮರ ಸಂತೆ ಮುಚ್ಚಿದ್ದು 1873ರಲ್ಲಿ. ಸ್ಟೇಬಲ್ಸ್ ಅಲ್ಲಿದ್ದಾಗ ಅದಿನ್ನೂ ನಡೆಯುತ್ತಿತ್ತು. ಹಡಗಿನ ವೈದ್ಯನ ಬದುಕು ಎಂಥದ್ದು ಎಂಬುದನ್ನು ಅವರು 1868ರಲ್ಲೇ ‘ಮೆಡಿಕಲ್ ಲೈಫ್ ಇನ್ ದಿ ನೇವಿ’ ಎಂಬ ಪುಸ್ತಕವಾಗಿ ಬರೆದರು. ನನ್ನ ಮಟ್ಟಿಗೆ ಆ ಪುಸ್ತಕವನ್ನು ಅಚ್ಚು ಹಾಕಿ ಮಾರುವವರು ಸಿಕ್ಕರೆ ಮುಖಪುಟದಲ್ಲಿ ಏನೇ ಚಿತ್ರವಿದ್ದರೂ ಕೊಳ್ಳುತ್ತೇನೆ.

ಆರೋಗ್ಯ ಕೈಕೊಟ್ಟದ್ದರಿಂದ ಅವರು 1871ರ ಹೊತ್ತಿಗೆ ನೌಕಾಪಡೆಯ ಕೆಲಸ ಬಿಡಬೇಕಾಯಿತು. ಕೆಲಕಾಲ ವ್ಯಾಪಾರಿ ಹಡಗುಗಳಲ್ಲಿ ತಿರುಗಿ, ಆಮೇಲೆ ಇಂಗ್ಲೆಂಡಿನ ಬರ್ಕ್‌ಶೈರಿನ ಟ್ವೈಫೋರ್ಡಿನಲ್ಲಿ ನೆಲೆನಿಂತು ಲೇಖನಿ ಹಿಡಿದರು. ಹಿಡಿದದ್ದನ್ನು ಮತ್ತೆ ಕೆಳಗಿಡಲಿಲ್ಲ: 1910ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಪುಸ್ತಕಗಳ ಸಂಖ್ಯೆ 130 ದಾಟಿತ್ತು. ಅವುಗಳಲ್ಲಿ ಹೆಚ್ಚಿನವು ಹುಡುಗರ ಸಾಹಸಕಥೆಗಳು, ಜತೆಗೆ ನಾಯಿ ಸಾಕುವ ಕೈಪಿಡಿ, ಬೆಕ್ಕುಗಳ ಕುರಿತ ಪುಸ್ತಕ, ಸೈಕಲ್ ಸವಾರರ ಆರೋಗ್ಯದ ಪುಸ್ತಕ ಹೀಗೆ ಏನುಂಟು ಏನಿಲ್ಲ. 1879ರಲ್ಲಿ ಆರಂಭವಾದ ‘ಬಾಯ್ಸ್ ಓನ್ ಪೇಪರ್’ ಪತ್ರಿಕೆಯಲ್ಲಿ ಹುಡುಗರಿಗೂ, ಮರುವರ್ಷ ಬಂದ ‘ಗರ್ಲ್ಸ್ ಓನ್ ಪೇಪರ್’ನಲ್ಲಿ ‘ಮೆಡಿಕಸ್’ ಎಂಬ ಹೆಸರಿನಲ್ಲಿ ಹುಡುಗಿಯರಿಗೂ ಆರೋಗ್ಯದ ಸಲಹೆ ಕೊಡುತ್ತಿದ್ದರು. ಆ ಸಲಹೆಗಳ ತಿರುಳು ಮುಂಜಾನೆಯ ತಣ್ಣೀರು ಸ್ನಾನ, ಶುದ್ಧ ಗಾಳಿ, ನಡಿಗೆ ಮತ್ತು ಓಟ್ಸಿನ ಗಂಜಿ. ಬೆಳಗಿನ ಜಾವ ಕೆರೆಯಲ್ಲಿ ಮುಳುಗೆದ್ದು ಕುಚ್ಚಿಲಕ್ಕಿ ಗಂಜಿ ಉಂಡು ತೋಟಕ್ಕೆ ಇಳಿಯುತ್ತಿದ್ದ ನಮ್ಮ ಹಿರಿಯರಿಗೆ ಇದರಲ್ಲಿ ಹೊಸತೇನೂ ಕಾಣುತ್ತಿರಲಿಲ್ಲ. ಹಾಗೆಂದು ಅದನ್ನು ಹಗುರ ಮಾಡಿ ನಗುವಂತಿಲ್ಲ. ರೋಗಾಣುಗಳನ್ನು ಕೊಲ್ಲುವ ಮಾತ್ರೆಯೊಂದೂ ಇಲ್ಲದಿದ್ದ ಕಾಲದ ವೈದ್ಯನಿಗೆ ಗಾಳಿ, ನೀರು, ಅನ್ನಗಳೇ ಔಷಧದ ಕಪಾಟು.

ಬಂಡಿಯ ಯೋಚನೆ ಹುಟ್ಟಿದ್ದೂ ಆ ಕಪಾಟಿನಿಂದಲೇ. ರೈಲಿನ ಗಾಡಿಗಳನ್ನು ಕಟ್ಟುತ್ತಿದ್ದ ಬ್ರಿಸ್ಟಲ್ ವ್ಯಾಗನ್ ವರ್ಕ್ಸ್ ಎಂಬ ಕಾರ್ಖಾನೆಗೆ ಹೇಳಿ 1885ರಲ್ಲಿ ಅವರು ಮಾಡಿಸಿಕೊಂಡ ‘ವಾಂಡರರ್’, ಮಹಾಗನಿ ಮತ್ತು ಮೇಪಲ್ ಮರದ್ದು. ಉದ್ದ ಸುಮಾರು 18 ಅಡಿ, ನಮ್ಮ ಕಡೆ ಮದುವೆಯ ದಿಬ್ಬಣಕ್ಕೆ ಬಾಡಿಗೆಗೆ ತರುವ ಸಣ್ಣ ಟೆಂಪೋ ಟ್ರಾವೆಲರಿನಷ್ಟು. ತೂಕ ಸುಮಾರು ಎರಡು ಟನ್. ತಿರುಗಾಟವೇ ಬದುಕಾಗಿದ್ದ ಜಿಪ್ಸಿಗಳ ಬಂಡಿಗಳು ಅದಕ್ಕೂ ಮೊದಲೇ ಇದ್ದವು, ಆದರೆ ಬರಿಯ ಸಂತೋಷಕ್ಕಾಗಿ ತಿರುಗಲೆಂದೇ ಕಟ್ಟಿಸಿದ ಬಂಡಿಗಳಲ್ಲಿ ಇದನ್ನೇ ಮೊದಲನೆಯದೆಂದು ಎಣಿಸುತ್ತಾರೆ. ಎಳೆಯಲು ಕಾರ್ನ್‌ಫ್ಲವರ್ ಮತ್ತು ಪೀಬ್ಲಾಸಮ್ ಎಂಬ ಎರಡು ಕುದುರೆಗಳು, ಜತೆಗೆ ಹರಿಕೇನ್ ಬಾಬ್ ಎಂಬ ದೈತ್ಯ ನ್ಯೂಫೌಂಡ್‌ಲ್ಯಾಂಡ್ ನಾಯಿ, ಪಾಲಿ ಎಂಬ ಕಾಕಟೂ ಹಕ್ಕಿ, ಸಾರಥಿಯಾಗಿ ಜಾನ್, ಪರಿಚಾರಕನಾಗಿ ಫೋಲಿ. ಈ ಫೋಲಿ ಮೂರು ಚಕ್ರದ ಸೈಕಲ್ ಏರಿ ಬಂಡಿಗಿಂತ ಮುಂದೆ ಹೋಗಿ, ಎದುರಿನಿಂದ ಬರುವವರಿಗೆ ದೊಡ್ಡ ಗಾಡಿಯೊಂದು ಬರುತ್ತಿದೆಯೆಂದು ಎಚ್ಚರಿಸಬೇಕಾಗಿತ್ತು. ಇಷ್ಟೆಲ್ಲ ಕುದುರೆಗಳ ನಡುವೆ ಯಜಮಾನರ ಮನೆತನದ ಹೆಸರಾದ ‘ಸ್ಟೇಬಲ್ಸ್’ ಎಂಬುದಕ್ಕೆ ಇಂಗ್ಲಿಷಿನಲ್ಲಿ ಲಾಯ ಎಂಬ ಅರ್ಥವೇ ಇರುವುದನ್ನು ಗಮನಿಸಿ ನಾನೊಬ್ಬನೇ ನಕ್ಕೆ.

ಟ್ವೈಫೋರ್ಡಿನಿಂದ ಹೊರಟ ಈ ಸಂಸಾರ ಉತ್ತರ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೂ ಹೋಯಿತು. ಪುಸ್ತಕದ ಉಪಶೀರ್ಷಿಕೆಯೇ ಹೇಳುವಂತೆ ಒಟ್ಟು ಕ್ರಮಿಸಿದ್ದು 1300 ಮೈಲಿ, ಎಂದರೆ ಕೇರಳವನ್ನು ತಲಪಾಡಿಯ ಗಡಿಯಿಂದ ದಕ್ಷಿಣದ ತುದಿಯವರೆಗೆ ಮೂರು ಸಲ ಅಳೆದಷ್ಟು ದೂರ. ಎರಡು ಟನ್ನಿನ ಗಾಡಿಯನ್ನು ಏರಿನಲ್ಲಿ ಎಳೆಯುವುದೆಂದರೇನು, ಇಳಿಜಾರಿನಲ್ಲಿ ಅದನ್ನು ತಡೆದು ಹಿಡಿಯುವುದೆಂದರೇನು ಎಂಬುದು ಪುಸ್ತಕದ ಅತ್ಯುತ್ತಮ ಭಾಗಗಳಲ್ಲಿ ಮೈನವಿರೇಳುವಂತೆ ಬಂದಿದೆ. ಏರು ಬಂದಾಗ ಸ್ಟೇಬಲ್ಸ್ ತಮ್ಮ ದಣಿವಿಗಿಂತ ಮೊದಲು ಕುದುರೆಗಳ ದಣಿವನ್ನು ಲೆಕ್ಕ ಹಾಕುತ್ತಾರೆ, ಅಲ್ಲಿ ಮಾತಾಡುವುದು ವೈದ್ಯರೇ ಹೊರತು ಸಾಹಸಿಯಲ್ಲ. ಊರುಗಳ ವರ್ಣನೆ ಬಂದಲ್ಲಿ ಬರವಣಿಗೆ ಸ್ವಲ್ಪ ಜೋಲುತ್ತದೆ. ಹೂವು, ಹಕ್ಕಿ, ಕವಿತೆಯ ಸಾಲು ಎಂದು ಪುಟಗಟ್ಟಲೆ ಹೋಗುವುದನ್ನು ನಾನು ಓದದೆ ದಾಟಿದ್ದೂ ಉಂಟು.

ಇಷ್ಟು ಒಳ್ಳೆಯ ಸರಕನ್ನು ಈ ಮರುಮುದ್ರಣ ಹೇಗೆ ಉಣಬಡಿಸಿದೆ ಎಂಬುದಕ್ಕೆ ಒಂದು ಕುದುರೆಯ ಗತಿಯನ್ನು ನೋಡಿದರೆ ಸಾಕು. ಹಳೆಯ ಪ್ರತಿಯ ಪುಟಗಳ ಚಿತ್ರ ತೆಗೆದು, ಯಂತ್ರದಿಂದ ಅಕ್ಷರಗಳನ್ನು ಗುರುತಿಸಿ, ಹೊಸದಾಗಿ ಪುಟ ಕಟ್ಟಿದ್ದಾರೆ. ಕಟ್ಟಿದ ಮೇಲೆ ಮನುಷ್ಯರಾದವರು ಒಮ್ಮೆಯೂ ಓದಿಲ್ಲ. ಇಂಗ್ಲಿಷಿನ ‘ಆರ್’ ಮತ್ತು ‘ಎನ್’ ಅಕ್ಷರಗಳು ಒತ್ತೊತ್ತಾಗಿ ಬಂದರೆ ಯಂತ್ರದ ಕಣ್ಣಿಗೆ ಅದು ‘ಎಮ್’ ಎಂದು ಕಾಣುತ್ತದೆ. ಹಾಗಾಗಿ ಬಡಪಾಯಿ ಕಾರ್ನ್‌ಫ್ಲವರ್ ಕೆಲವು ಪುಟಗಳಲ್ಲಿ ಕಾಮ್‌ಫ್ಲವರ್ ಆಗಿದೆ, ಮತ್ತೆ ಕೆಲವು ಪುಟಗಳಲ್ಲಿ ಸರಿಯಾಗಿಯೇ ಇದೆ, ಓದುವವರಿಗೆ ಬಂಡಿಗೆ ಮೂರು ಕುದುರೆಗಳನ್ನು ಕಟ್ಟಿದಂತೆ ತೋರುತ್ತದೆ. ಇದಕ್ಕಿಂತ ಕೆಟ್ಟದ್ದು ಹಡಗಿನ ಮಾತು ಬರುವಲ್ಲಿ ಆಗಿದೆ. ಹಡಗಿನ ಹಿಂತುದಿಗೆ ಇಂಗ್ಲಿಷಿನಲ್ಲಿ ‘ಸ್ಟರ್ನ್’ ಎನ್ನುತ್ತಾರೆ, ಮುಂತುದಿಯ ಕಂಬಕ್ಕೆ ‘ಸ್ಟೆಮ್’. ಅದೇ ಎರಡು ಅಕ್ಷರ ಒಂದಾಗಿ ‘ಸ್ಟರ್ನ್’ ಹೋಗಿ ‘ಸ್ಟೆಮ್’ ಆದರೆ, ನಮ್ಮ ಕಡಪುರದ ದೋಣಿಯವರು ಅಮರ ಎನ್ನುವುದು ಅಣಿಯವಾಗಿ, ಹಿಂದಿನದು ಮುಂದಾಗಿಬಿಡುತ್ತದೆ. ಹಡಗಿನಲ್ಲಿ ಜೀವಮಾನದ ಒಳ್ಳೆಯ ಭಾಗ ಕಳೆದವರ ಪುಸ್ತಕದಲ್ಲಿ ಇದು ಆಗಬಾರದಿತ್ತು.

ಹಳೆಯ ಪುಟಗಳ ತಲೆಬರಹಗಳು ವಾಕ್ಯಗಳ ನಡುವೆ ಬಂದು ಕೂತಿವೆ. ಒಂದು ಕಡೆ ಇಳಿಜಾರಿನಲ್ಲಿ ಗಾಡಿ ಹಿಡಿತ ತಪ್ಪುವ ಉಸಿರು ಬಿಗಿಹಿಡಿಯುವ ವಾಕ್ಯದ ಮಧ್ಯದಲ್ಲಿ ದೊಡ್ಡಕ್ಷರಗಳಲ್ಲಿ ಪುಸ್ತಕದ ಹೆಸರೂ ಪುಟಸಂಖ್ಯೆಯೂ ಬರುತ್ತವೆ. ಯಕ್ಷಗಾನದಲ್ಲಿ ವೇಷ ರಂಗದ ಮೇಲೆ ರಾವಣನಾಗಿ ಅಬ್ಬರಿಸುತ್ತಿರುವಾಗ ಯಾರೋ ಬಂದು ಚೀಟಿಯ ಹಣ ಕೇಳಿದ ಹಾಗೆ. ಮೂಲದಲ್ಲಿದ್ದ ಚಿತ್ರಗಳನ್ನು ಬಿಟ್ಟಿದ್ದಾರೆ, ಅವುಗಳ ಕೆಳಗಿನ ಬರಹವನ್ನು ಮಾತ್ರ ಉಳಿಸಿದ್ದಾರೆ. ಒಂಬತ್ತನೆಯ ತರಗತಿಯಲ್ಲಿ ಓದುವ ಮೊಮ್ಮಗನಿಗೆ ಸಂಜೆ ಹೊತ್ತು ಇದನ್ನು ಓದಿ ಅರ್ಥ ಹೇಳುತ್ತಿದ್ದೆ. ಮೊದಲ ದಿನ ಮುಖಪುಟ ನೋಡಿ ಕೂತವನು ನಾಲ್ಕನೆಯ ದಿನ, “ಅಜ್ಜ, ಹಡಗು ಬರ್ಲಿಕ್ಕೆ ಇನ್ನೆಷ್ಟು ಪುಟ ಉಂಟು?” ಎಂದು ಕೇಳಿದ. ಬರುವುದಿಲ್ಲ ಎಂದೆ. ನಾಯಿಯ ಸಂಗತಿ ಇಲ್ಲದಿದ್ದರೆ ಅವನು ಅಂದೇ ಎದ್ದು ಹೋಗುತ್ತಿದ್ದ.

ಕಟ್ಟಿನ ವಿಷಯ ಬೇರೆಯಾಗಿ ಹೇಳಬೇಕು, ಏಕೆಂದರೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಪುಸ್ತಕದ ಆಯುಷ್ಯ ನಿಂತಿರುವುದು ಅದರ ಮೇಲೆ. ಬಿಡಿ ಹಾಳೆಗಳನ್ನು ಜೋಡಿಸಿ, ಬೆನ್ನಿಗೆ ಬಿಸಿ ಅಂಟು ಬಳಿದು, ರಟ್ಟಿನ ಹೊದಿಕೆ ಒತ್ತಿದ್ದಾರೆ, ಹೊಲಿಗೆ ಎಂಬುದಿಲ್ಲ. ಎರಡು ವಾರದಲ್ಲಿ ಹೊದಿಕೆಯ ತುದಿಗಳು ಹೊರಗೆ ಸುರುಟಿದವು, ಶ್ರಾವಣ ಬರುವಷ್ಟರಲ್ಲಿ ನಡುವಿನ ಹನ್ನೆರಡು ಹಾಳೆಗಳು ಕೈಗೆ ಬಂದವು. ಸಂಸ್ಥೆಗೆ ಮಿಂಚಂಚೆ ಬರೆದೆ. ಉತ್ತರ ಎರಡೇ ದಿನದಲ್ಲಿ ಬಂತು, ಸೌಜನ್ಯದಿಂದಲೇ ಇತ್ತು: ಬೇಕಾದರೆ ಇನ್ನೊಂದು ಪ್ರತಿ ಕಳುಹಿಸುತ್ತೇವೆ, ಅದೂ ಇದೇ ರೀತಿಯದ್ದೇ ಆಗಿರುತ್ತದೆ. ಈ ಪ್ರಾಮಾಣಿಕತೆಯನ್ನು ಮೆಚ್ಚಿ ಬೇಡ ಎಂದೆ.

ಕೊನೆಗೆ ಪುಸ್ತಕವನ್ನು ಕಾಸರಗೋಡಿನ ಹಳೆ ಬಸ್‌ಸ್ಟ್ಯಾಂಡಿನ ಹತ್ತಿರ, ಕಚೇರಿಗಳ ದಾಖಲೆಪುಸ್ತಕ ಕಟ್ಟಿಕೊಡುವ ಹಿರಿಯರೊಬ್ಬರ ಬಳಿಗೆ ಒಯ್ದೆ. ಅವರು ಬೆನ್ನನ್ನು ಬೆರಳಿನಿಂದ ತಟ್ಟಿ ನೋಡಿ, ಮಡಿಕೆಗಳಿಲ್ಲದ ಬಿಡಿ ಹಾಳೆಯಾದ ಕಾರಣ ನಡುವಿನಿಂದ ಹೊಲಿಯುವಂತಿಲ್ಲ, ಬದಿಯಲ್ಲಿ ದಬ್ಬಳದಿಂದ ತೂತು ಹೊಡೆದು ಹೊಲಿಯಬೇಕು, ಆಗ ಒಳಗಿನ ಅಂಚು ಅರ್ಧ ಇಂಚು ಹೋಗುತ್ತದೆ ಎಂದರು. ಅಂಚು ಇದ್ದದ್ದೇ ಮುಕ್ಕಾಲು ಇಂಚು. ಇನ್ನು ಪುಸ್ತಕ ಪೂರ್ತಿ ಬಿಚ್ಚಿ ಅಂಗಾತ ಮಲಗುವುದಿಲ್ಲ ಎಂದು ತಿಳಿದೇ ಒಪ್ಪಿದೆ. ಮೈದಾ ಅಂಟಿಗೆ ಒಂದು ಚಿಟಿಕೆ ಮೈಲುತುತ್ತು ಹಾಕಿದರೆ ಒರಲೆ, ಬೆಳ್ಳಿಹುಳ ಹತ್ತಿರ ಬರುವುದಿಲ್ಲ, ಆದರೆ ಮೈಲುತುತ್ತು ಮುಗಿದಿದೆ ಎಂದರು. ಅಡಿಕೆಗೆ ಮಹಾಳಿ ಬಾರದಂತೆ ಸುಣ್ಣದ ಜತೆ ಕಲಸಿ ಹೊಡೆಯಲು ತಂದಿಟ್ಟದ್ದು ನಮ್ಮ ಮನೆಯಲ್ಲಿ ಹೇಗೂ ಇತ್ತು, ಮರುದಿನ ಒಂದು ಪೊಟ್ಟಣ ಕಟ್ಟಿ ಕೊಟ್ಟೆ. ಹಸಿರು ಕ್ಯಾಲಿಕೋ ಬಟ್ಟೆಯ ಬೆನ್ನು, ಗಟ್ಟಿ ರಟ್ಟು, ಒಟ್ಟು 180 ರೂಪಾಯಿ. ನೀಲಿ ಕಡಲಿನ ಮುಖಪುಟವನ್ನು ಉಳಿಸಲೇ ಎಂದು ಕೇಳಿದರು, ಬೇಡವೆಂದೆ. ಈ ಮಳೆಗಾಲವನ್ನು ಪುಸ್ತಕ ದಾಟಿದೆ.

ಕೊಳ್ಳಬೇಕೆ ಎಂದು ಕೇಳುವವರಿಗೆ ನನ್ನ ಉತ್ತರ ಎರಡು ಭಾಗವಾಗಿದೆ. ಪ್ರತಿಗೆ ಐದರಲ್ಲಿ ಒಂದೂವರೆ ನಕ್ಷತ್ರ ಕೊಡಬಹುದು, ಅರ್ಧ ನಕ್ಷತ್ರ ಪ್ಲಾಸ್ಟಿಕ್ ಹೊದಿಕೆಗೆ. ಕೃತಿಗೆ ನಾಲ್ಕು. ಹಕ್ಕುಸ್ವಾಮ್ಯ ಮುಗಿದು ಎಷ್ಟೋ ಕಾಲವಾದ ಪುಸ್ತಕವಾದುದರಿಂದ ಹಳೆಯ ಪುಟಗಳ ಚಿತ್ರಪ್ರತಿಯನ್ನೇ, ಚಿತ್ರಗಳ ಸಮೇತ, ಯಾವುದಾದರೂ ಡಿಜಿಟಲ್ ಗ್ರಂಥಾಲಯದಲ್ಲಿ ಬಿಟ್ಟಿಯಾಗಿ ಓದುವುದು ಒಳ್ಳೆಯದು. ಕಾಗದವೇ ಬೇಕೆನ್ನುವ ನನ್ನಂಥವರು, ಅಕ್ಷರ ಹೊಸದಾಗಿ ಕೂರಿಸಿದ್ದೋ ಅಥವಾ ಹಳೆಯ ಪುಟದ ಪಡಿಯಚ್ಚೋ ಎಂದು ಮಾರುವವರನ್ನು ಕೇಳಿ, ಪಡಿಯಚ್ಚಾದರೆ ಮಾತ್ರ ಹಣ ಕೊಡಬೇಕು.

ನಾಲ್ಕರ ಮೇಲಿನ ಆ ಐದನೆಯ ನಕ್ಷತ್ರವನ್ನು ನಾನು ತಡೆದದ್ದಕ್ಕೆ ಮುದ್ರಕರು ಕಾರಣರಲ್ಲ. ಸ್ಟೇಬಲ್ಸ್ ತಮ್ಮನ್ನು ‘ಜಂಟಲ್‌ಮನ್ ಜಿಪ್ಸಿ’ ಎಂದು ಕರೆದುಕೊಂಡು ಸಂತೋಷಪಟ್ಟರು. ಅದೇ 1880ರ ದಶಕದಲ್ಲಿ ನಿಜವಾದ ಜಿಪ್ಸಿಗಳ ಬಂಡಿಮನೆಗಳನ್ನು ನೋಂದಾಯಿಸಿ ತಪಾಸಣೆಗೆ ಒಳಪಡಿಸಬೇಕೆಂಬ ಮಸೂದೆಗಳು ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಬರುತ್ತಿದ್ದವು. ಒಬ್ಬರು ಮಹಾಗನಿ ಬಂಡಿಯಲ್ಲಿ ಬಂದು ಹುಲ್ಲುಗಾವಲಿನಲ್ಲಿ ತಂಗಿದರೆ ಊರಿನವರು ನೋಡಲು ಬರುತ್ತಾರೆ, ಇನ್ನೊಬ್ಬರು ಬಂದರೆ ಪೊಲೀಸರು ಬರುತ್ತಾರೆ. ಅವರ ಸಾಹಸಕಥೆಗಳಲ್ಲೂ ಬ್ರಿಟಿಷ್ ಹುಡುಗ ಕಾಲಿಟ್ಟ ನೆಲವೆಲ್ಲ ಅವನಿಗಾಗಿಯೇ ಕಾದಿತ್ತೆಂಬ ಧಾಟಿ ದಟ್ಟವಾಗಿದೆ, ಮೊಮ್ಮಗನಿಗೆ ಅವುಗಳನ್ನು ಓದಿಸುವುದಾದರೆ ಪಕ್ಕದಲ್ಲಿ ಕೂತೇ ಓದಿಸುತ್ತೇನೆ. ಬಂಡಿಯ ಪುಸ್ತಕದಲ್ಲಿ ಆ ಧಾಟಿ ಕಡಿಮೆ, ಕುದುರೆಗಳೂ ನಾಯಿಯೂ ಹೆಚ್ಚು, ಅದು ಅದರ ಪುಣ್ಯ.

1907ರಲ್ಲಿ ಇಂಗ್ಲೆಂಡಿನಲ್ಲಿ ಕ್ಯಾರವಾನ್ ಕ್ಲಬ್ ಹುಟ್ಟಿದಾಗ ವಯಸ್ಸಾಗಿದ್ದ ಸ್ಟೇಬಲ್ಸ್ ಅವರನ್ನು ಉಪಾಧ್ಯಕ್ಷರನ್ನಾಗಿ ಮಾಡಿದರು. ‘ವಾಂಡರರ್’ ಬಂಡಿ ಇಂದಿಗೂ ಉಳಿದಿದೆ, ಅದನ್ನು ಕಾಪಾಡಿರುವವರೂ ಆ ಕ್ಲಬ್ಬಿನವರೇ. ಅದರ ಒಂದು ಚಿತ್ರವನ್ನು ಮುಖಪುಟಕ್ಕೆ ಹಾಕಬಹುದಲ್ಲ ಎಂದು ಎರಡನೆಯ ಮಿಂಚಂಚೆಯಲ್ಲಿ ಬರೆದಿದ್ದೆ, ಜತೆಗೆ ಲೇಖಕರು ಕ್ಯಾಪ್ಟನ್ ಅಲ್ಲ, ವೈದ್ಯರು ಎಂದೂ ತಿಳಿಸಿದ್ದೆ. ಅದಕ್ಕೆ ಉತ್ತರ ಬರಲಿಲ್ಲ. ಇದನ್ನು ಪ್ರಕಟಿಸುವ ಮೊದಲು ಮಾರಾಟದ ಪುಟವನ್ನು ಮತ್ತೊಮ್ಮೆ ತೆರೆದು ನೋಡಿದೆ. ಪರಿಚಯದಲ್ಲಿದ್ದ ‘ಕ್ಯಾಪ್ಟನ್’ ಎಂಬುದು ‘ಡಾಕ್ಟರ್’ ಆಗಿದೆ. ಹಾಯಿನೌಕೆ ಮಾತ್ರ ಅದೇ ಕಡಲಿನಲ್ಲಿ ಹಾಗೆಯೇ ವಾಲಿಕೊಂಡು ಓಡುತ್ತಿದೆ, ಬೆಲೆ 899 ರೂಪಾಯಿಗೆ ಏರಿದೆ.